ಹುಣಸೆಹುಳಿಯಲ್ಲಿ ತೊಳೆದ ರಾಮಟಂಕ

ನಾಣ್ಯ ನಕಲಿ ಎಂದು ಇನ್‌ಸ್ಪೆಕ್ಟರ್ ಹೇಳಿದಾಗ ಸುಗುಣಾಗೆ ಆಶ್ಚರ್ಯವಾಗಲಿಲ್ಲ. ಏನೂ ಆಗಲಿಲ್ಲ. ಥಾಣೆಯ ಸೈಬರ್ ಪೊಲೀಸರ ಕಚೇರಿಯಲ್ಲಿ ಒಂದು ಕಡೆ ಮಗ ಮನೀಶ, ಇನ್ನೊಂದು ಕಡೆ ಗಂಡ ಯಜ್ಞೇಶ್ವರ, ನಡುವೆ ಅವಳು. ಡೊಂಬಿವಲಿಯಿಂದ ಮೂವರೂ ಲೋಕಲ್ ರೈಲಿನಲ್ಲಿ ಬಂದಿದ್ದರು.

ಮೇಜಿನ ಮೇಲೆ ಅವರ ದೇವರ ಮನೆಯ ರಾಮಟಂಕವಿತ್ತು. ಒಂದು ಬದಿಗೆ ರಾಮನ ಪಟ್ಟಾಭಿಷೇಕ, ಇನ್ನೊಂದು ಬದಿಗೆ ಹನುಮಂತ. ಮದುವೆಯ ದಿನ ಅತ್ತೆ ಉಡುಪಿಯಲ್ಲಿ ಅವಳ ಸೆರಗಿಗೆ ಹಾಕಿದ ಹಳೇ ಬೆಳ್ಳಿ. ಅಂದರೆ, ಎಲ್ಲರೂ ಹಾಗೆ ನಂಬಿದ್ದರು.

"ನಕಲಿ ಅಂತ ಗೊತ್ತಿದ್ದೂ ಆನ್‌ಲೈನ್ ಹರಾಜಿನಲ್ಲಿ ಅಸಲಿ ಅಂತ ಮಾರಿದರೆ ವಂಚನೆ," ಎಂದರು ಇನ್‌ಸ್ಪೆಕ್ಟರ್ ಮ್ಯಾಡಮ್, ಹಿಂದಿಯಲ್ಲಿ. "ಗೊತ್ತಿಲ್ಲದೆ ಮಾರಿದರೆ ಮಾತು ಬೇರೆ. ಆದರೆ ಗೊತ್ತಿರಲಿಲ್ಲ ಅನ್ನುವುದನ್ನು ನಾನು ಹೇಗೆ ನಂಬಲಿ?"

"ಸಚ್ಚೀ ಮ್ಯಾಡಮ್, ಘರ್ ಕಾ ಹೈ," ಎಂದ ಮನೀಶ. ಮಹಾಪೆಯ ಕಂಪನಿಯಲ್ಲಿ ಅವನ ಕೆಲಸ ಪಕ್ಕಾ ಆಗಿತ್ತು; ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಕೇಸು ಬಿದ್ದರೆ ಆ ಕೆಲಸಕ್ಕೆ ಎಳ್ಳು ನೀರು.

ತಪ್ಪು ಅವನದಲ್ಲ. ಮೊಬೈಲಿನಲ್ಲಿ ಇಂಥದೇ ಒಂದರ ಬೆಲೆ ನೋಡಿ ಕಣ್ಣರಳಿಸಿದ್ದ, ಅಷ್ಟೇ. "ಅತ್ತೆ ಕೊಟ್ಟದ್ದು, ಬೇಡ," ಎಂದು ಸುಗುಣಾ ಅಡ್ಡ ಬಂದಿದ್ದಳು. ಅತ್ತೆಯ ಸ್ವಂತ ಮಗನೇ, "ಹೋದ್ರೆ ಹೋಗ್ಲಿ ಮಾರಾಯ್ತಿ, ದೇವರೆಂತ ಅದ್ರಲ್ಲೇ ಕೂತಿದ್ದಾನಾ?" ಅಂದುಬಿಟ್ಟ. ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ; ಬಾಯಿ ಬಿಟ್ಟರೆ ಬಣ್ಣಗೇಡು.

ಎದುರಿಗೆ, ಮನೀಶನಿಂದ ಅದನ್ನು ಹರಾಜಿನಲ್ಲಿ ಕೊಂಡು ದೂರು ಕೊಟ್ಟ ಸಿದ್ರಾಮ ಕೂತಿದ್ದ. ಕಲ್ಯಾಣದವನು, ಹಳೇ ನಾಣ್ಯದ ಹುಚ್ಚಿನವನು. ಕಿಸೆಯಿಂದ ಇನ್ನೊಂದು ರಾಮಟಂಕ ತೆಗೆದು ಮೊದಲಿನದರ ಪಕ್ಕಕ್ಕಿಟ್ಟ.

"ನೋಡ್ರೀ ತಾಯಿ. ಇದು ನಂದು, ಅಸಲಿ. ಲಾಕ್‌ಡೌನ್‌ನಾಗ ಡೊಂಬಿವಲಿ ಅಕ್ಕಸಾಲಿ ಕಡೆ ತಗೊಂಡಿದ್ದು. ಎರಡರಾಗೂ ಹನುಮಂತನ ಬಾಲದ ಮ್ಯಾಲೆ ಅದೇ ತೂತು. ಕೈಲೆ ಹೊಡದ ನಾಣ್ಯ ಅವಳಿ-ಜವಳಿ ಇರೂದಿಲ್ರೀ. ನನ್ನ ನಾಣ್ಯದ ಅಚ್ಚು ತಗದೇ ಇದನ್ನ ಎರದಾರ."

ಸುಗುಣಾ ಅವನ ನಾಣ್ಯವನ್ನೇ ನೋಡಿದಳು. ಅಂಚಿನ ಸಣ್ಣ ತಗ್ಗು ಅವಳ ಬೆರಳಿಗೆ ಗೊತ್ತಿತ್ತು. ಪ್ರತಿ ಹಬ್ಬಕ್ಕೂ ಹುಣಸೆಹುಳಿ ಹಚ್ಚಿ, ಬೂದಿ ಹಾಕಿ ತಿಕ್ಕಿದ ನಾಣ್ಯ. ತಿಕ್ಕಿ ತಿಕ್ಕಿ ರಾಮನ ಮುಖವೇ ಸವೆದಿತ್ತು.

ಮನೆಯಲ್ಲಿ ಅದನ್ನು ತೊಳೆಯುವುದು ಅವಳ ಕೆಲಸ. ಮನೀಶ ಹುಟ್ಟಿದಾಗ ಮಾತ್ರ ಆಪರೇಶನ್ ಆಗಿ ಆಸ್ಪತ್ರೆಯಲ್ಲೇ ಉಳಿದಿದ್ದಳು. ಆಸ್ಪತ್ರೆಯ ಬಿಲ್ಲನ್ನು ತಾನು ಕೆಲಸ ಮಾಡುವ ನೌಪಾಡಾದ ಹೋಟೆಲಿನ ಸೇಠ್ ಕಟ್ಟಿದರು ಅಂದಿದ್ದ ಯಜ್ಞೇಶ್ವರ. ಮಗುವನ್ನೆತ್ತಿಕೊಂಡು ಮನೆಗೆ ಬಂದರೆ ದೇವರ ಮುಂದೆ ರಾಮಟಂಕ ಥಳಥಳ. ಜೀವಮಾನದಲ್ಲಿ ಒಂದು ಲೋಟ ತೊಳೆಯದ ಗಂಡ ಅದನ್ನು ತೊಳೆದಿಟ್ಟಿದ್ದ! ಆ ದಿನ ಅವನ ಮೇಲೆ ಉಕ್ಕಿದ ಪ್ರೀತಿಯಲ್ಲಿ ಅವಳು ವರ್ಷಗಟ್ಟಲೆ ಸಂಸಾರ ಮಾಡಿದ್ದಳು. ಈಗ ಆ ಪ್ರೀತಿಯ ಎದುರೇ ಬಾಯಿ ಬಿಡಬೇಕು.

"ಇವರ ಹತ್ತಿರ ಇರುವುದು ನಮ್ಮ ಮನೆಯದು," ಎಂದಳು. "ಅಕ್ಕಸಾಲಿಗೆ ಮಾರಿದ್ದು ನಾನು. ಹೋಟೆಲ್ ಮುಚ್ಚಿತ್ತು, ನಮ್ಮವರು ಆಕ್ಸಿಜನ್ ಮೇಲೆ ಇದ್ದರು. ಆಮೇಲೆ ಅಂಥದೇ ಒಂದು ತಂದು, ಹುಣಸೆಹುಳಿ ಹಾಕಿ ತಿಂಗಳುಗಟ್ಟಲೆ ತಿಕ್ಕಿ, ಅದರ ಜಾಗದಲ್ಲಿ ಇಟ್ಟೆ. ಮಗ ಮಾರಿದ್ದು ಅದನ್ನು. ಅವನಿಗೂ ಗೊತ್ತಿಲ್ಲ, ನಮ್ಮವರಿಗೂ ಗೊತ್ತಿಲ್ಲ."

ಅಳು ಬರಲಿಲ್ಲ. ಗಂಡನ ಕಡೆ ನೋಡುವ ಧೈರ್ಯವೂ ಬರಲಿಲ್ಲ. ಮನೀಶ ಅವಳ ಕೈ ಹಿಡಿದುಕೊಂಡ. ಅವಳಿಗದು ಬೇರೆ ಯಾರದೋ ಕೈಯನ್ನು ಹಿಡಿದ ಹಾಗಿತ್ತು.

"ನೋಡ್ರೀ, ನಂದು ಅಸಲಿ!" ಸಿದ್ರಾಮ ಮೇಜು ತಟ್ಟಿದ.

ಇನ್‌ಸ್ಪೆಕ್ಟರ್ ತಲೆಯಾಡಿಸಿದರು. "ನೀವು ಹೋಲಿಕೆಗೆ ಕೊಟ್ಟದ್ದೂ ಸೇರಿ ತಜ್ಞರು ನಿನ್ನೆಯೇ ಎರಡನ್ನೂ ನೋಡಿದ್ದಾರೆ. ಬೆಳ್ಳಿ ಅಸಲಿ, ವಯಸ್ಸು ಸುಳ್ಳು. ಎರಡೂ ನಕಲಿ. ಒಂದೇ ಅಚ್ಚಿನಲ್ಲಿ ಎರೆದದ್ದು."

ಸಿದ್ರಾಮ ತನ್ನ ನಾಣ್ಯವನ್ನು ಮಗುಚಿ ನೋಡಿ ಮೇಜಿನ ಮೇಲೆ ಕುಕ್ಕಿದ.

"ಸಾಧ್ಯವೇ ಇಲ್ಲ," ಎಂದಳು ಸುಗುಣಾ. "ಅತ್ತೆ ಕೈಯಾರೆ ಕೊಟ್ಟದ್ದು. ಆ ಕಾಲದಲ್ಲಿ ಯಾವ ನಕಲಿ?"

"ಹಾಗಾದರೆ ಗೊತ್ತಿದ್ದೂ ಮಾರಿದವರು ಯಾರು? ಯಾರ ಹೆಸರು ಬರೆದುಕೊಳ್ಳಲಿ?" ಇನ್‌ಸ್ಪೆಕ್ಟರ್ ಒಬ್ಬೊಬ್ಬರ ಮುಖವನ್ನೂ ನೋಡಿದರು.

ಯಜ್ಞೇಶ್ವರ ಎರಡೂ ನಾಣ್ಯಗಳನ್ನು ಅಂಗೈಯಲ್ಲಿಟ್ಟುಕೊಂಡು ಮಗುಚಿ ಮಗುಚಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಮನೆಯಲ್ಲಿ ಕೇಳುವಷ್ಟೇ ಮೆಲ್ಲಗೆ ಕೇಳಿದ:

"ನೀನೂ ಕೋಪರಿಯಲ್ಲಿ ಸ್ಟೇಶನ್ ಹತ್ರದ ಆ ಪೂಜೆ ಸಾಮಾನಿನ ಅಂಗಡಿಗೇ ಹೋದದ್ದಾ, ಮಾರಾಯ್ತಿ?"