ಅರ್ಜಿ ಬರೆದವರು

ಏಳನೇ ಸಲ ಗೆದ್ದ ಶಾಸಕರು ಅಂದು ಜನರ ಅಹವಾಲು ಕೇಳಲು ಕೂತಿದ್ದರು. ಸಾಲಿನ ಕೊನೆಯಲ್ಲಿದ್ದ ಮುದುಕಿ ಸೆರಗಿನ ಗಂಟು ಬಿಚ್ಚಿ, ಮಡಿಕೆ ಮಡಿಕೆಗೂ ಹರಿದುಹೋಗಿದ್ದ ಒಂದು ಕಾಗದವನ್ನು ಮುಂದಿಟ್ಟಳು.

ಶಾಸಕರ ಕನ್ನಡಕ ಕಾರಿನಲ್ಲೇ ಉಳಿದಿತ್ತು. "ಓದಯ್ಯ" ಎಂದರು ಆಪ್ತ ಸಹಾಯಕನಿಗೆ.

"ಮಾನ್ಯ ಶಾಸಕರೇ, ನಮ್ಮೂರ ಮಕ್ಕಳು ಎದೆಮಟ್ಟದ ನೀರಿನಲ್ಲಿ ಹಳ್ಳ ದಾಟಿ ಶಾಲೆಗೆ ಬರುತ್ತಾರೆ. ಅವರಿಗೊಂದು ಸೇತುವೆ ಕಟ್ಟಿಸಲಾಗದಿದ್ದರೆ ಆ ಕುರ್ಚಿಯಲ್ಲಿ ನಿಮಗೇನು ಕೆಲಸ? ಎದ್ದು ಬನ್ನಿ..." ಸಹಾಯಕ ಅಲ್ಲಿಗೇ ನಿಲ್ಲಿಸಿ ಕಾಗದದ ತುದಿ ನೋಡಿದ. "ಕೆಳಗೆ ಬರೀ ಹೆಬ್ಬೆಟ್ಟು ಸಾರ್. ಬರೆದವರ ಹೆಸರಿಲ್ಲ."

ಶಾಸಕರಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷಗಳಲ್ಲಿ ಯಾರೂ ಅವರಿಗೆ ಹೀಗೆ ಬರೆದಿರಲಿಲ್ಲ. ಸಿಟ್ಟಿನ ಜೊತೆಗೆ ಏನೋ ಕಸಿವಿಸಿಯೂ ಆಯಿತು. ಆ ಮಾತಿನ ವರಸೆ ಎಲ್ಲೋ ಕೇಳಿದಂತಿತ್ತು.

"ಯಾರಮ್ಮ ಇದನ್ನ ಬರ್ದಿದ್ದು? ಆ ಕಡೆ ಪಾರ್ಟಿಯೋರಾ?"

"ಅಲ್ಲ ಬುದ್ಧಿ. ನಮ್ಮೂರ ಇಸ್ಕೂಲ್ ಮೇಷ್ಟ್ರು. ಯಾರಿಗೂ ಹೆದ್ರೋ ಆಸಾಮಿ ಅಲ್ಲ."

"ಹೆದರಲ್ವಾ? ನಾಳೆ ಬೆಳಿಗ್ಗೆ ಕರ್ಕೊಂಡ್ಬಂದು ನನ್ನ ಮುಂದೆ ನಿಲ್ಸು. ಅವನ ಧೈರ್ಯ ಎಷ್ಟಿದೆ ಅಂತ ನಾನೂ ನೋಡ್ತೀನಿ."

ಮುದುಕಿ ಸಹಾಯಕನ ಕೈಯಿಂದ ಕಾಗದವನ್ನು ತೆಗೆದುಕೊಂಡು ಹುಷಾರಾಗಿ ಮಡಚಿ ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ತಲೆಯೆತ್ತಿ ಅವರ ಮುಖವನ್ನೇ ನೋಡಿದಳು.

"ಎಲ್ಲಿಂದ ಕರ್ಕೊಂಡ್ಬರ್ಲಿ ಬುದ್ಧಿ? ಸೇತುವೆ ಕಟ್ಟಿಸ್ಲಿ ಅಂತ ಏಳು ಸಲ ಗೆಲ್ಸಿ ಬೆಂಗ್ಳೂರಿಗೆ ಕಳ್ಸಿದ್ವಿ. ಆ ಮೇಷ್ಟ್ರು ಇನ್ನೂ ಊರಿಗೆ ವಾಪಸ್ ಬಂದಿಲ್ಲ."