ಟ್ರಂಬೋನ್ ಗುರುಮಲ್ಲಪ್ಪನಿಗೆ ಸನ್ಮಾನ

ಶಿವಶಂಕರ ಹಾರ ಹಾಕಿ ಕಾಲಿಗೆ ಬಿದ್ದಾಗಲೇ ಗುರುಮಲ್ಲಪ್ಪನಿಗೆ ಅನುಮಾನ ಬಂತು. ಬ್ಯಾಂಡಿನಿಂದ ಹೊರಬಿದ್ದವನು ಹೊರಗೆ ಹಾಕಿದವನಿಗೇ ಸುಮ್ಮಸುಮ್ಮನೆ ಸನ್ಮಾನ ಮಾಡುತ್ತಾನೆಯೇ? ಅದೂ ಹುಣಸೂರಿನಲ್ಲಿ ಕಲ್ಯಾಣಮಂಟಪ ಹಿಡಿದು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಬ್ಯಾಂಡುಗಳಿಂದ ಟ್ರಂಬೋನಿನವರನ್ನೆಲ್ಲ ಕಲೆಹಾಕಿ?

ಬೆಣ್ಣೆ ಹಚ್ಚುತ್ತಿದ್ದಾನೆ, ಅಷ್ಟೇ. ಮತ್ತೆ ಬ್ಯಾಂಡಿಗೆ ಸೇರಬೇಕಲ್ಲ.

ಈ ಸೀಮೆಯ ಮದುವೆ ಮೆರವಣಿಗೆಗೆ ಜಾಜ್ ತಂದವನು ಗುರುಮಲ್ಲಪ್ಪ. ಹರೆಯದಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ದೊಡ್ಡವರ ಕುಣಿತಕ್ಕೆ ಊದುತ್ತಿದ್ದವನು ಅದನ್ನು ಹಾಗೇ ಊರಿಗೆ ಹೊತ್ತು ತಂದಿದ್ದ. ಅವನು ಕಟ್ಟಿದ ‘ಚುಂಚನಕಟ್ಟೆ ಬ್ಲೂಸ್’ ನುಡಿಸದೆ ನಾಲ್ಕು ತಾಲ್ಲೂಕಿನ ಯಾವ ಬ್ಯಾಂಡೂ ಮದುಮಗನ ಕಾರಿನ ಮುಂದೆ ಹೆಜ್ಜೆ ಕೀಳುತ್ತಿರಲಿಲ್ಲ. ಈಗ ಊದುವುದನ್ನು ಬಿಟ್ಟಿದ್ದ, ಬೈಯುವುದನ್ನು ಬಿಟ್ಟಿರಲಿಲ್ಲ. ಅವನೊಡನೆ ಮಾತಾಡುವವರು ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು. ಬೆನ್ನ ಹಿಂದಿನಿಂದ ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ದೊಡ್ಡ ಕಲಾವಿದನ ಗತ್ತು ಎಂದು ಜನ ಸಹಿಸಿಕೊಂಡಿದ್ದರು.

ಆ ಗತ್ತಿಗೆ ಬಲಿಯಾದವನು ಶಿವಶಂಕರ. ಹೋದ ವರ್ಷ ಭೇರ್ಯದ ಮದುವೆಯಲ್ಲಿ, ಬೀಗರ ಮುಂದೆಯೇ, ಗುರುಮಲ್ಲಪ್ಪ ಅವನ ಕೈಯಿಂದ ಟ್ರಂಬೋನ್ ಕಿತ್ತುಕೊಂಡು “ಅಪಸ್ವರ ಊದ್ತೀಯೇನ್ಲಾ?” ಎಂದು ಅಟ್ಟಿದ್ದ. ಟ್ರಂಬೋನಿನಲ್ಲಿ ಸ್ವರವೆಂದರೆ ಕೊಳವೆಯನ್ನು ಎಷ್ಟು ಚಾಚಿದೆ ಎಂಬ ಲೆಕ್ಕ. ಬ್ಲೂಸಿನ ನಡುವಿನ ಉದ್ದನೆಯ ಸ್ವರದಲ್ಲಿ ಶಿವಶಂಕರನ ಕೈ ಬೆರಳಷ್ಟು ಹೆಚ್ಚು ಚಾಚಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಗುರುಮಲ್ಲಪ್ಪನ ಬಾಯಿಂದ ಆ ಮಾತು ಬಿದ್ದ ಮೇಲೆ ಮುಗಿಯಿತು, ಯಾವ ಬ್ಯಾಂಡಿನವರೂ ಅವನನ್ನು ಕರೆಯಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಸೌದೆ ಒಟ್ಟಿಕೊಂಡು ಹೊಟ್ಟೆ ಹೊರೆಯುತ್ತಿದ್ದ. ಅವನೇನು ಹೊರಗಿನವನಲ್ಲ, ಗುರುಮಲ್ಲಪ್ಪನ ಹೆಂಡತಿ ಮಂಗಳಗೌರಿಯ ಒಡಹುಟ್ಟಿದ ತಮ್ಮ.

ಮದುಮಕ್ಕಳು ಕೂರುವ ಕೆಂಪು ಕುರ್ಚಿಗಳಲ್ಲಿ ಗಂಡಹೆಂಡತಿಯನ್ನು ವೇದಿಕೆಯ ಮೇಲೆ ಕೂರಿಸಿದ್ದರು. ಮಂಗಳಗೌರಿ ಗಂಡನ ಕಡೆಗೆ ಪೂರ್ತಿ ತಿರುಗಿದಳು.

“ಏನೂಂದ್ರೆ, ಇವತ್ತಾದ್ರೂ ಅವ್ನ ಬಗ್ಗೆ ಒಂದ್ ಒಳ್ಳೆ ಮಾತಾಡ್ಬುಡಿ. ಇಷ್ಟು ಜನ ಅವ್ರೆ. ನಿಮ್ಮೊಂದ್ ಮಾತ್ಗೆ ಅವ್ನಿಗೆ ಅನ್ನ ಹುಟ್ತದೆ.”

“ಅಪಸ್ವರ ಊದೋನ್ಗೆ ಒಳ್ಳೆ ಮಾತಾ?”

“ಅದು ಅಪಸ್ವರ ಅಂತ ನಿಮ್ಮನ್ ಬುಟ್ಟು ಇನ್ಯಾರೂ ಅನ್ನಲಿಲ್ಲ ಕಣ್ರೀ.”

“ಬಾಯ್ ಮುಚ್ಕೊಂಡ್ ಕೂತ್ಕೊಳೇ. ಇವತ್ತು ಮೈಕಲ್ಲೇ ಯೋಳ್ತೀನಿ, ಇವ್ನಿನ್ನು ಟ್ರಂಬೋನ್ ಮುಟ್ಬಾರ್ದು ಅಂತ.”

ಮಂಗಳಗೌರಿಯ ಕಣ್ಣು ತುಂಬಿತು. ಆಮೇಲೆ ತಮ್ಮನತ್ತ ತಿರುಗಿ ಮೆಲ್ಲಗೆ ತಲೆಯಾಡಿಸಿದಳು. ಆಗುವುದಿಲ್ಲವೆಂದು ತಿಳಿಸಿದಳು, ಪಾಪ, ಅಂದುಕೊಂಡು ಗುರುಮಲ್ಲಪ್ಪ ಒಳಗೊಳಗೇ ಹಿಗ್ಗಿದ.

ಶಿವಶಂಕರ ಮೈಕಿನ ಮುಂದೆ ಹೋಗಿ, ಗುರುಮಲ್ಲಪ್ಪನಿಗೆ ಬೆನ್ನು ಮಾಡಿ, ಸಭೆಯನ್ನು ಉದ್ದೇಶಿಸಿ ಮಾತಾಡಿದ. ಅವನ ಮಾತು ಮುಗಿದದ್ದೇ ತಡ, ಇಡೀ ಸಭೆ ಒಟ್ಟಿಗೇ ಗುರುಮಲ್ಲಪ್ಪನನ್ನು ನೋಡಿತು. ಹೊಗಳಿಕೆ ಯಾರಿಗೆ ಬೇಡ? ಗುರುಮಲ್ಲಪ್ಪ ಎದ್ದು ನಿಂತು ಕೈಮುಗಿದು ಮತ್ತೆ ಕೂತ.

ಶಿವಶಂಕರನೂ ಸೇರಿ ಏಳು ಜನ ಟ್ರಂಬೋನಿನವರು ಅವನೆದುರು ಸಾಲಾಗಿ ನಿಂತರು. ಡ್ರಮ್ ಇರಲಿಲ್ಲ. ಅದೊಂದು ಅವನಿಗೆ ಸರಿಬರಲಿಲ್ಲ. ಡ್ರಮ್ ಇದ್ದಿದ್ದರೆ ಹಲಗೆಯ ವೇದಿಕೆಯಲ್ಲಿ ಅಂಗಾಲಿಗೇ ತಾಳ ಹತ್ತುತ್ತಿತ್ತು. ಡ್ರಮ್ ಬಿಟ್ಟು ಜಾಜ್ ಮಾಡುವ ಈ ಕಾಲದ ಹುಡುಗುತನಕ್ಕೆ ಮನಸ್ಸಿನಲ್ಲೇ ಛೀಮಾರಿ ಹಾಕಿದ.

ಕೆನ್ನೆಗಳು ಉಬ್ಬಿದವು. ಏಳು ಕೊಳವೆಗಳು ಒಟ್ಟಿಗೆ ಮುಂದೆ ಚಾಚಿದವು, ಒಟ್ಟಿಗೆ ಹಿಂದೆ ಸರಿದವು. ಚುಂಚನಕಟ್ಟೆ ಬ್ಲೂಸ್! ಮೊದಲ ಚಾಚಿನಲ್ಲೇ ಗುರುತು ಸಿಕ್ಕಿತು. ಮಂಗಳಗೌರಿಯ ಬೆರಳು ಎಂದಿನಂತೆ ಅವನ ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ಎಲ್ಲ ಕಚೇರಿಯಲ್ಲೂ ಅವಳ ಕೈ ಅಲ್ಲೇ ಇರುತ್ತಿತ್ತು, ಈ ವಯಸ್ಸಿನಲ್ಲೂ ಎಂಥ ಅನ್ಯೋನ್ಯ ಎಂದು ಹೆಂಗಸರು ಕೀಟಲೆ ಮಾಡುತ್ತಿದ್ದರು. ಗುರುಮಲ್ಲಪ್ಪ ತಲೆದೂಗಿದ. ಪಾದ ಕುಣಿಸಿದ. ಎದೆ ಉಬ್ಬಿತು; ತನ್ನ ಹಾಡು ತಾನು ಸತ್ತ ಮೇಲೂ ಇರುತ್ತದೆ ಎಂಬ ಸಂತೋಷಕ್ಕೆ ಕಣ್ಣಂಚು ಒದ್ದೆಯಾಯಿತು.

ಸಭೆಯಲ್ಲಿ ಒಬ್ಬರೂ ಅಲುಗಲಿಲ್ಲ. ಕೆಲವು ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಎಲ್ಲರೂ ಮೈಮರೆತಿದ್ದಾರೆ ಎಂದು ಅವನಿಗೆ ಹೆಮ್ಮೆಯಾಯಿತು.

ನಡುವೆ, ಆ ಉದ್ದನೆಯ ಸ್ವರದಲ್ಲಿ, ಶಿವಶಂಕರನ ಕೈ ಮತ್ತೆ ಬೆರಳಷ್ಟು ಹೆಚ್ಚು ಚಾಚಿತು. ಗುರುಮಲ್ಲಪ್ಪ ಅದನ್ನೇ ಕಾಯುತ್ತಿದ್ದ. ಸಿಕ್ಕಿಬಿದ್ದ!

ಏಳೂ ಜನ ಟ್ರಂಬೋನ್ ಇಳಿಸಿದರು. ಗುರುಮಲ್ಲಪ್ಪ ಎದ್ದು ಮೈಕು ಹಿಡಿದ.

“ಆರು ಜನ ಚಿನ್ನದಂಗೆ ಊದುದ್ರಿ. ಇಂಥ ಬ್ಲೂಸ್ ನಾನೂ ಊದಿರ್ಲಿಲ್ಲ. ಆದ್ರೆ ಈ ನಮ್ ಭಾಮೈದ ಅವ್ನಲ್ಲ, ಎಲ್ಲಾನೂ ಕೆಡಿಸ್ಬುಟ್ಟ. ಆ ಉದ್ದನೆ ಸ್ವರ, ಥೂ, ಅಪಸ್ವರ! ನನ್ ಕಿವಿ ಇನ್ನೂ ಉರೀತಾದೆ ಕಣ್ಲಾ. ಇವತ್ತಿಂದ ಇವ್ನ ಕೈಗೆ ಯಾರೂ ಟ್ರಂಬೋನ್ ಕೊಡ್ಕೂಡ್ದು. ಇದು ಈ ಗುರುಮಲ್ಲಪ್ಪನ ಮಾತು!”

ಶಿವಶಂಕರ ತಲೆ ತಗ್ಗಿಸುತ್ತಾನೆಂದು ಕಾದ. ಅವನು ತಗ್ಗಿಸಲಿಲ್ಲ. ಗುರುಮಲ್ಲಪ್ಪ ಚಪ್ಪಾಳೆಗೆಂದು ಸಭೆಯ ಕಡೆ ತಿರುಗಿದ. ಒಂದು ಕೈಯೂ ಮೇಲೇಳಲಿಲ್ಲ. ಮಂಗಳಗೌರಿ ಆಗಲೇ ವೇದಿಕೆಯಿಂದ ಇಳಿದು ತಮ್ಮನ ಪಕ್ಕಕ್ಕೆ ಹೋಗಿದ್ದಳು.

ಶಿವಶಂಕರ ಮೈಕಿನಲ್ಲಿ ಮೊದಲೇ ಸಭೆಗೆ ಹೇಳಿದ್ದಂತೆ, ಆ ಏಳು ಟ್ರಂಬೋನುಗಳಲ್ಲಿ ಒಂದಕ್ಕೂ ಯಾರೂ ಉಸಿರೂದಿರಲಿಲ್ಲ.