ಗದ್ದೆ ಕಾಯುವ ಮಿಲಿಟರಿ ಕೋಟು

ಚನಬಸಪ್ಪ ಬೆದರುಬೊಂಬೆಯ ಕೋಟಿನ ಗುಂಡಿ ಬಿಚ್ಚುತ್ತಿದ್ದಾಗ ಗದ್ದೆಯ ಒಡತಿ ತಾಯವ್ವ ಕುಡಗೋಲು ಹಿಡಿದು ಅವನ ಹಿಂದೆ ಬಂದು ನಿಂತಳು. ಬೆಳ್ಳಂಬೆಳಗ್ಗೆ, ಆಕೆ ಕೆಲಸಕ್ಕೆ ಬರುವ ಹೊತ್ತಿಗೆ, ಸಾಂಬ್ರಾಣಿ ಊರಿನ ದಾರಿಯ ಮಗ್ಗುಲಲ್ಲೇ ಬೆಳೆದ ಗಂಡಸೊಬ್ಬ ಸೈಕಲ್ ನಿಲ್ಲಿಸಿ ಬೊಂಬೆಯ ಬಟ್ಟೆ ಕಳಚುತ್ತಾನೆಂದರೆ ಯಾರಿಗಾದರೂ ಸಿಟ್ಟು ಬರಬೇಕಾದ್ದೇ.

"ನಿನ್ನ ಮೈಮ್ಯಾಲೆ ಅಂಗಿ ಐತೆಲ್ಲೋ ತಮ್ಮಾ, ಅದರದ್ಯಾಕ ಕಳೀತಿ?"

ತಾನು ಕಳ್ಳನಲ್ಲ ಎಂದು ನಂಬಿಸಲು ಅವನಿಗೆ ಸಾಕುಸಾಕಾಯಿತು. ಧಾರವಾಡದ ಕಡೆಯವನು, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸ. ಮಿಲಿಟರಿಯ ಹಳೆಯ ಕೋಟು ಕಂಡಲ್ಲಿ ಕೊಳ್ಳುವ ಹುಚ್ಚು. ಬೆಳಗಾವಿಯ ದಂಡಿನ ಹರಾಜಿನಲ್ಲಿ ಹಿಡಿದವು ಇದ್ದವು. ಗೋವಾ ನಮ್ಮದಾದ ಮೇಲೆ ಗಡಿಯ ಕಡೆಯ ರಾಮನಗರದ ಅಂಗಡಿಗೆ ಬಂದ ಪೋರ್ತುಗೀಜ ಸಿಪಾಯಿಯದೂ ಒಂದಿತ್ತು. ಮನೆಯ ಗೂಟಗಳೆಲ್ಲ ಕೋಟುಗಳ ಪಾಲಾಗಿ, ಹೆಂಡತಿ ಶಂಕ್ರೆವ್ವ ತನ್ನ ಸೀರೆಗಳನ್ನು ಹಿಟ್ಟಿನ ಡಬ್ಬಿಯ ಮೇಲೆ ಮಡಚಿ ಇಡುತ್ತಿದ್ದಳು. ಆದರೆ ಈ ಬೊಂಬೆಯ ಕೋಟಿನಂಥದು ಅವನಲ್ಲಿರಲಿಲ್ಲ. ನಾಲ್ಕು ಕಿಸೆ, ಸೊಂಟಕ್ಕೆ ಬಿಗಿಯುವ ದಾರ, ಎದೆಯ ಮೇಲೆ ದುಂಡನೆಯ ಒಂದು ತೂತು. ಗುಂಡು ತೂರಿದ ಕೋಟು, ಯುದ್ಧ ಕಂಡ ಕೋಟು. ಇದನ್ನು ಬಿಟ್ಟು ಹೋದರೆ ತನಗೆ ಕೂಳು ಸೇರುವುದಿಲ್ಲ ಎಂದ.

ಕೂಳಿನ ಮಾತಿಗೆ ತಾಯವ್ವ ಸಿಡಿದಳು. ಹಳ್ಳದ ಆಚೆ ಅಡವಿ, ಅಡವಿಯ ತುಂಬ ಹಂದಿ. ಸುತ್ತಲಿನ ಗದ್ದೆಗಳನ್ನು ನೇಗಿಲು ಹೊಡೆದಂತೆ ಮಾಡಿ ಹೋಗುವ ಹಂದಿಗಳು ತನ್ನ ಗದ್ದೆಗೆ ಕಾಲಿಡದಿರುವುದು ಈ ಕೋಟಿನಿಂದ. ತೆನೆ ತುಂಬುವ ಹೊತ್ತಿನಲ್ಲಿ ಇದನ್ನು ಕೊಟ್ಟರೆ ವರ್ಷವೆಲ್ಲ ಏನು ತಿನ್ನಬೇಕು ಎಂದು ಕೇಳಿದಳು. ಹಂದಿಗಳನ್ನು ಇಷ್ಟೇ ಹೆದರಿಸುವ ಬೇರೆ ಕೋಟು ತಂದರೆ ಕೊಡುತ್ತೀರಾ ಎಂದು ಅವನು ಕೇಳಿದ. ಮೊದಲು ಹೆದರಿಸಿ ತೋರಿಸು, ಆಮೇಲೆ ಮಾತು ಎಂದಳು.

ಮುಂದಿನ ರವಿವಾರ ಪೋರ್ತುಗೀಜ ಕೋಟು ಬಂತು. ಸೋಡಾ ಹಾಕಿ ಒಗೆದು, ಇಸ್ತ್ರಿ ಮಾಡಿ, ಡಾಂಬರು ಗುಳಿಗೆ ಇಟ್ಟು ಕಾಪಾಡಿದ್ದು. ತಾಯವ್ವ ಹುಚ್ಚಿಯಲ್ಲ. ಹಳೆಯದನ್ನು ಅದರ ಜಾಗದಲ್ಲೇ ಬಿಟ್ಟು, ಹಳ್ಳದ ಕಡೆ ಇನ್ನೊಂದು ಬೊಂಬೆ ನೆಟ್ಟು ಅದಕ್ಕೆ ಇದನ್ನು ತೊಡಿಸಿದಳು. ವಾರ ಬಿಟ್ಟು ಅವನು ಬಂದು ನೋಡಿದರೆ, ಹಂದಿಗಳು ಸರಿಯಾಗಿ ಆ ಬೊಂಬೆಯ ಮಗ್ಗುಲಿನಿಂದಲೇ ನುಗ್ಗಿದ್ದವು. ಒಂದು ಮೂಲೆಯ ಭತ್ತ ಚಾಪೆಯಂತೆ ಮಲಗಿತ್ತು. ಕೋಟಿನ ಅಂಚಿಗೆಲ್ಲ ಕೆಸರು. ಯಾವುದೋ ಹಂದಿ ನಿಂತು ಬೆನ್ನು ತಿಕ್ಕಿಕೊಂಡು ಹೋಗಿತ್ತು.

ಅದು ಖರೇ ಸಿಪಾಯಿಯ ಕೋಟು ಎಂದು ಅವನು ಆಣೆ ಮಾಡಿದ. ತಾಯವ್ವ ಅದನ್ನು ಮೂಗಿಗೆ ಹಿಡಿದು ನೋಡಿ ಅವನ ಮೈಮೇಲೆ ಬಿಸಾಡಿದಳು.

"ಇದರಾಗ ಮನಷ್ಯಾರ ವಾಸನಿನ ಇಲ್ಲ. ಹಂದಿ ಏನ ಕಣ್ಣಿಲೆ ನೋಡತಾವೇನು? ಮೂಗಿಲೆ ನೋಡತಾವ."

ಗಂಡ ಉಳವಪ್ಪ ಸತ್ತಾಗಿನಿಂದ ಆಕೆ ದಿನವೆಲ್ಲ ಆ ಹಳೆಯ ಕೋಟು ಹಾಕಿಕೊಂಡೇ ಬಿಸಿಲಲ್ಲಿ ಗೇಯುತ್ತಿದ್ದಳು. ಸಂಜೆಗೆ ಬೆವರಿನಿಂದ ತೊಯ್ದದ್ದನ್ನು ಹಾಗೇ ಬೊಂಬೆಗೆ ತೊಡಿಸಿ ಮನೆಗೆ ಹೋಗುತ್ತಿದ್ದಳು. ಅದಕ್ಕೆ ನೀರು ಸೋಕಿಸಿದ್ದೇ ಇಲ್ಲ. ಇದು ಬೇಕಿದ್ದರೆ ನಿನ್ನ ಕೋಟನ್ನೂ ಹಾಗೆ ಮಾಡಿ ತಾ ಎಂದಳು.

ಚನಬಸಪ್ಪ ಮಾಡಿದ. ಬಾಯ್ಲರ್ ಎದುರಿಗೆ, ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಪೋರ್ತುಗೀಜ ಕೋಟಿನಲ್ಲಿ ಹದಿನೈದು ದಿನ ಕೆಲಸ ಮಾಡಿದ. ಮೊದಲ ದಿನ ಜೊತೆಯವರು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಆಮೇಲಾಮೇಲೆ ಸೆಲ್ಯೂಟ್ ಹೊಡೆಯುವಷ್ಟು ಹತ್ತಿರಕ್ಕೂ ಯಾರೂ ಬರಲಿಲ್ಲ. ಶಂಕ್ರೆವ್ವ ಅವನ ಊಟದ ಗಂಗಾಳವನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಕದ ಹಾಕಿಕೊಂಡಳು. ಒಗೆದ ಬಟ್ಟೆಗೆ ಮಾತ್ರ ಮನೆಯೊಳಗೆ ಜಾಗ ಎಂದು ಒಳಗಿನಿಂದಲೇ ಹೇಳಿದಳು.

ಈ ಸಲ ಕೋಟು ತೊಡಿಸಿ ವಾರ ಬಿಟ್ಟು ಬಂದಾಗ ಹಂದಿಗಳ ಹೆಜ್ಜೆ ಹಳ್ಳದ ದಂಡೆಯವರೆಗೆ ಬಂದು, ಅಲ್ಲಿಂದ ಅಡವಿಗೆ ತಿರುಗಿದ್ದವು. ತಾಯವ್ವ ಮೂಗಿಗೆ ಸೆರಗು ಹಿಡಿದುಕೊಂಡೇ ಅವನನ್ನು ಹೊಗಳಿದಳು. ಆಡಿದ ಮಾತಿನಂತೆ ತನ್ನ ಮೈಮೇಲಿದ್ದ ಹಳೆಯ ಕೋಟು ಬಿಚ್ಚಿ ಅವನ ಕೈಗಿತ್ತಳು. ಅವನು ಎದೆಯ ತೂತಿನಲ್ಲಿ ಬೆರಳಿಟ್ಟು ನೋಡಿದ. ಕಣ್ಣು ತೇವವಾದವು.

"ನಿಮ್ಮ ಯಜಮಾನ್ರು ಯಾವ ಯುದ್ಧಕ್ಕ ಹೋಗಿದ್ರು, ಯವ್ವಾ?"

"ಯುದ್ಧ? ಅಂವಾ ಹಳಿಯಾಳ ದಾಟಿದಾಂವಲ್ಲ. ಅಲ್ಲೆ ಸಂತ್ಯಾಗ ಕೊಂಡಿದ್ದ. ಮಾಳದ ಮ್ಯಾಲೆ ಕುಂತು ಗದ್ದಿ ಕಾಯ್ಕೋತ ತೂಕಡಸ್ತಿದ್ದ, ಬಾಯಾಗಿನ ಬೀಡಿ ಎದಿಮ್ಯಾಲೆ ಬಿದ್ದು ಸುಟ್ಟೈತಿ."

ಚನಬಸಪ್ಪ ಬೆರಳು ಹಿಂದಕ್ಕೆ ತೆಗೆದ. ಬೀಡಿ ಸುಟ್ಟ ಕೋಟಿಗಾಗಿ ಖರೇ ಸಿಪಾಯಿಯ ಕೋಟನ್ನು ಹಂದಿಗಳ ಎದುರು ನಿಲ್ಲಿಸಿ, ಹದಿನೈದು ದಿನ ಹೆಂಡತಿಯ ಮುಖ ಕೂಡ ಸರಿಯಾಗಿ ನೋಡಿರಲಿಲ್ಲ. ಈ ವ್ಯವಹಾರ ಬೇಡ, ನಿಮ್ಮದು ನಿಮಗಿರಲಿ, ನನ್ನ ಕೋಟು ನನಗೆ ಕೊಡಿ ಎಂದು ಹಳ್ಳದ ಕಡೆ ಹೊರಟ. ತಾಯವ್ವ ಕುಡಗೋಲು ಅಡ್ಡ ಹಿಡಿದಳು. ಆಕೆಗೆ ಸಿಟ್ಟೇನೂ ಬಂದಿರಲಿಲ್ಲ. ವರ್ಷಗಳ ಮೇಲೆ ಮೊದಲ ಸಲ ಹಗಲು ಹೊತ್ತಿನಲ್ಲಿ ಕೋಟಿಲ್ಲದ ಆಕೆಯ ಬೆನ್ನಿಗೆ ಗಾಳಿ ತಾಗುತ್ತಿತ್ತು.

"ಕೊಡೂದಿಲ್ಲಂತ ಯಾರಂದ್ರು? ವಾಸನಿ ಎಂಟ ದಿನಕ್ಕ ಹೋಗತೈತಿ. ಈ ವಾರ ಇದನ್ನ ಹಾಕ್ಕೊಂಡು ಬೆವರು, ಬರೂ ರವಿವಾರ ತಂದು ಕೊಟ್ಟು ನಿಂದ ಒಯ್ಯಿ. ಅದರ ಮುಂದಿನ ವಾರ ನಿಂದ ತಂದು ಇದನ್ನ ಒಯ್ಯಿ. ಸುಗ್ಗಿ ಮುಗಿಯೂತನಕ ಕೋಟಿಗೆ ರಜಾ ಇಲ್ಲ ತಮ್ಮಾ, ನಿನಗೂ ಇಲ್ಲ."